ತರಗು ಬೆಂಕಿಯ ಜಾಡಿನಲ್ಲಿ ನಾಲ್ಕು ದಿನ

ಮೊದಲ ದಿನ: ಮೈಸೂರಿನಿಂದ ಬೆಟ್ಟಕ್ಕೆ

ಶಿವರಾತ್ರಿಗೆ ಇನ್ನೂ ಎರಡು ವಾರ ಇತ್ತು. ಅಕ್ಕ, ಭಾವ, ನಾನು ಮೂವರೂ ಬೆಳಗಿನ ಆರೂವರೆಗೆ ಮೈಸೂರು ಬಿಟ್ಟೆವು. ತಿ. ನರಸೀಪುರದಲ್ಲಿ ಹೊಳೆಯ ಮೇಲಿನ ಗಾಳಿ ತಣ್ಣಗಿತ್ತು. ಯಳಂದೂರಿನಲ್ಲಿ ತಿಂಡಿಗೆ ಇಳಿಯುವ ಹೊತ್ತಿಗೆ ಬಿಸಿಲು ಬೆನ್ನು ಚುರುಗುಟ್ಟಿಸುತ್ತಿತ್ತು. ಇಡ್ಲಿ, ಕಾಯಿ ಚಟ್ನಿ, ಮೇಲೊಂದು ಕಾಫಿ. ಬೆಟ್ಟ ಹತ್ತುವವರು ಪೆಟ್ರೋಲನ್ನು ಇಲ್ಲೇ ತುಂಬಿಸಿಕೊಂಡುಬಿಡುವುದು ಒಳ್ಳೆಯದು. ನಾವೂ ತುಂಬಿಸಿಕೊಂಡೆವು.

ಈ ಪ್ರವಾಸ ಹೊರಟಿದ್ದು ದೇವರಿಗಾಗಿ ಅಲ್ಲ, ಹುಲಿಗಾಗಿಯೂ ಅಲ್ಲ. ಸಂಕ್ರಾಂತಿಯ ದಿನ ಊಟಕ್ಕೆ ಕೂತಾಗ ನನಗೂ ಭಾವನಿಗೂ ಒಂದು ವಾದ ಹತ್ತಿಕೊಂಡಿತ್ತು. ಬಿಳಿಗಿರಿರಂಗನ ಬೆಟ್ಟದ ಆದಿವಾಸಿಗಳಾದ ಸೋಲಿಗರು ಹಿಂದೆಲ್ಲ ತಾವೇ ಕಾಡಿಗೆ ಬೆಂಕಿ ಹಚ್ಚುತ್ತಿದ್ದರು, ಅದನ್ನು ನಿಲ್ಲಿಸಿದ ಮೇಲೆಯೇ ಕಾಡು ಕೆಟ್ಟಿತು ಎಂದು ಅವರು ಹೇಳುತ್ತಾರೆ, ಎಂದು ನಾನು ಓದಿದ್ದನ್ನು ಹೇಳಿದೆ. ಭಾವ ಕೈಯಲ್ಲಿದ್ದ ಹೋಳಿಗೆಯನ್ನು ಎಲೆಗೆ ಇಟ್ಟುಬಿಟ್ಟರು. ಅರಣ್ಯ ಇಲಾಖೆಗೆ ಗಾರ್ಡ್ ಆಗಿ ಸೇರಿ, ಫಾರೆಸ್ಟರ್ ಆಗಿ, ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಆಗಿ ನಿವೃತ್ತರಾದವರು ಅವರು. ಎಡಗೈಯ ಮೊಣಕೈವರೆಗೆ ಸುಟ್ಟ ಗಾಯದ ಕಲೆ ಇದೆ. "ನೋಡಮ್ಮ, ಕಾಡಿಗೆ ಒಳ್ಳೆ ಬೆಂಕಿ, ಕೆಟ್ಟ ಬೆಂಕಿ ಅಂತ ಎರಡಿಲ್ಲ. ಇರೋದು ಒಂದೇ ಬೆಂಕಿ, ಅದನ್ನ ಆರಿಸಬೇಕು ಅಷ್ಟೆ" ಎಂದರು. ಅಕ್ಕನೇ ಕೊನೆಗೆ, "ಇಬ್ಬರೂ ಹೋಗಿ ಕೇಳಿಕೊಂಡು ಬನ್ನಿ, ನಾನೂ ಬರ್ತೀನಿ" ಎಂದಳು.

ಚೆಕ್‌ಪೋಸ್ಟಿನಲ್ಲಿ ಗಾಡಿಯ ನಂಬರು ಬರೆದುಕೊಂಡ ಹುಡುಗ, "ಬೆಂಕಿಪೊಟ್ಟಣ, ಬೀಡಿ, ಸಿಗರೇಟು ಏನಾದ್ರೂ ಇದ್ಯಾ ಸಾರ್?" ಎಂದು ಕೇಳಿ, ಡಿಕ್ಕಿಯನ್ನೂ ನೋಡಿದ. ಭಾವನಿಗೆ ಅವನ ಮೇಲೆ ತುಂಬ ಅಭಿಮಾನ ಬಂತು. ಇಲ್ಲಿಂದ ಮುಂದೆ ಗಾಡಿ ನಿಲ್ಲಿಸಿ ಇಳಿಯುವ ಹಾಗಿಲ್ಲ. ಕತ್ತಲಾದ ಮೇಲೆ ಈ ದಾರಿಯಲ್ಲಿ ಬಿಡುವುದೂ ಇಲ್ಲ. ಆದ್ದರಿಂದ ಮಧ್ಯಾಹ್ನದೊಳಗೆ ಬಂದು ಸೇರುವಂತೆ ಲೆಕ್ಕ ಹಾಕಿಕೊಳ್ಳಬೇಕು. ಕೆಳಗಿನ ಕಾಡು ಪೂರ್ತಿ ಬೋಳು. ಮತ್ತಿ, ದಿಂಡಿಗ, ಹೊನ್ನೆ ಎಲ್ಲವೂ ಎಲೆ ಉದುರಿಸಿ ನಿಂತಿದ್ದವು. ಅಲ್ಲೊಂದು ಇಲ್ಲೊಂದು ಮುತ್ತುಗ ಮಾತ್ರ ಹೂ ಬಿಟ್ಟಿತ್ತು. ಆ ಬೋಳು ಮರಗಳ ಕೆಳಗೆ, ರಸ್ತೆಯ ಎರಡೂ ಬದಿ, ಕಣ್ಣು ಹೋದಷ್ಟು ದೂರ ಲಂಟಾನದ ಪೊದೆ. ಆಳೆತ್ತರಕ್ಕೆ ಹೆಣೆದುಕೊಂಡು, ಒಣಗಿ, ಒಂದು ಕಿಡಿಗೆ ಕಾದಂತಿತ್ತು.

ಸಂಜೆ ದೇವಸ್ಥಾನಕ್ಕೆ ಹೋದೆವು. ರಂಗನಾಥ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದನೆಂಬುದು ಇಲ್ಲಿನ ಕಥೆ. ಹಾಗಾಗಿ ಸೋಲಿಗರಿಗೆ ಆತ ಸ್ವಾಮಿಯಲ್ಲ, ರಂಗಭಾವ. ಬಂಡೆಯ ಅಂಚಿನಲ್ಲಿ ನಿಂತು ಕೆಳಗಿನ ಬಯಲು ನೋಡುತ್ತಿದ್ದಾಗ ಭಾವ ಮಾತ್ರ ಬೆಟ್ಟಸಾಲನ್ನು ಒಂದೊಂದಾಗಿ ಕಣ್ಣಲ್ಲೇ ತಡಕುತ್ತಿದ್ದರು. ಹೊಗೆ ಹುಡುಕುತ್ತಿದ್ದಾರೆಂದು ನನಗೆ ತಡವಾಗಿ ಹೊಳೆಯಿತು. ಅವತ್ತು ರಾತ್ರಿ ಹನ್ನೊಂದಕ್ಕೆ ಅವರು ಧಡಕ್ಕನೆ ಎದ್ದು ಟಾರ್ಚು ಹಿಡಿದು ಹೊರಗೆ ಹೋದರು. ಹೊಗೆಯ ವಾಸನೆ ಬಂದಿತ್ತಂತೆ. ಹಿತ್ತಲಿನಲ್ಲಿ ನೀರು ಕಾಯಿಸುವ ಹಂಡೆಯ ಒಲೆ ಇನ್ನೂ ಆರಿರಲಿಲ್ಲ. ವಾಪಸು ಬಂದು ಮಲಗಿದವರಿಗೆ ಬಹಳ ಹೊತ್ತು ನಿದ್ದೆ ಹತ್ತಲಿಲ್ಲ.

ಎರಡನೇ ದಿನ: ಪೋಡಿನಲ್ಲಿ

ಬೆಳಗ್ಗೆ ಏಳಕ್ಕೆ ಮಂಜು. ಫೆಬ್ರವರಿಯಲ್ಲೂ ಇಲ್ಲಿ ಸ್ವೆಟರ್ ಬೇಕು. ಹತ್ತರ ಮೇಲೆ ಅದನ್ನು ಸೊಂಟಕ್ಕೆ ಕಟ್ಟಿಕೊಳ್ಳಬೇಕು.

ಸೋಲಿಗರ ಪುಟ್ಟ ಊರಿಗೆ ಪೋಡು ಎನ್ನುತ್ತಾರೆ. ನಾವು ಹೋದ ಪೋಡಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರು ಬಿಚ್ಚುಮನಸ್ಸಿನಿಂದ ಮಾತಾಡಿದ್ದಾರೆ, ಅದರಿಂದ ಅವರಿಗೆ ತೊಂದರೆ ಆಗಬಾರದು. ಪರಿಚಯದ ಮೇಷ್ಟ್ರೊಬ್ಬರು ಮುಂಚಿತವಾಗಿ ಹೇಳಿಟ್ಟಿದ್ದರು. ಹೇಳದೆ ಕೇಳದೆ ಪೋಡಿಗೆ ನುಗ್ಗಿ ಫೋಟೋ ತೆಗೆಯುವವರನ್ನು ಅವರು ಸಾಕಷ್ಟು ನೋಡಿದ್ದಾರೆ. ಹೋಗುವವರು ಅಷ್ಟು ಮರ್ಯಾದೆ ಇಟ್ಟುಕೊಳ್ಳಬೇಕು.

ಜಗಲಿಯ ಮೇಲೆ ಕೂತಿದ್ದ ತಾತನಿಗೆ ಎಪ್ಪತ್ತು ದಾಟಿರಬೇಕು. ಬೆಲ್ಲ ಹಾಕಿದ ಕರೀ ಕಾಫಿ ಬಂತು, ಅವರದೇ ಮನೆ ಹಿಂದಿನ ಗಿಡದ ಕಾಫಿ. ಭಾವ ತಾವು ಇಲಾಖೆಯಲ್ಲಿದ್ದವರು ಎಂಬುದನ್ನು ಮೊದಲೇ ಹೇಳಿಬಿಟ್ಟರು. ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ನಿಮ್ಗೂ ಗೊತ್ತಿರ್ತದ ಬುದ್ಧಿ, ಬೆಂಕಿಗೂ ವಯಸ್ಸದ" ಎಂದರು.

"ಸಂಕ್ರಾಂತಿ ಬೆಂಕಿ ಕೂಸು. ರಾತ್ರಿ ಇಬ್ಬನಿ ಬೀಳ್ತದ, ತರಗು ಮೇಗಡೆ ಒಣಗಿದ್ರೂ ಅಡೀಲಿ ಹಸಿ. ಹಚ್ಚುದ್ರ ಮೊಣಕಾಲ್ಗಂಟ ಬತ್ತದ, ತೆವ್ಕೊಂಡ್ ತೆವ್ಕೊಂಡ್ ಹೋಯ್ತದ, ಸಂಜ್ಗ ಅದ್ರಷ್ಟ್ಕ ಅದೇ ಮಲೀಕತದ. ಶಿವರಾತ್ರಿ ಕಳದ ಮ್ಯಾಲಿನ ಬೆಂಕಿ ಹಂಗಲ್ಲ ಬುದ್ಧಿ. ಅದು ಪ್ರಾಯದೋನು. ಯಾರ್ ಮಾತೂ ಕೇಳಲ್ಲ."

ಆ ಸಂಕ್ರಾಂತಿಯ ಬೆಂಕಿಯನ್ನೇ ಅವರು ತರಗು ಬೆಂಕಿ ಎನ್ನುತ್ತಾರೆ. ಉದುರಿದ ಎಲೆಯನ್ನಷ್ಟೇ ಸುಡುವ ಬೆಂಕಿ. ಇಡೀ ಕಾಡಿಗೆ ಒಂದೇ ಸಲ ಹಚ್ಚುತ್ತಿರಲಿಲ್ಲವಂತೆ. ಈ ವರ್ಷ ಈ ಮಗ್ಗುಲು, ಬರುವ ವರ್ಷ ಆ ಮಗ್ಗುಲು. ಸುಟ್ಟ ಕಡೆ ಮಳೆ ಬಿದ್ದ ಮೇಲೆ ಎಳೆ ಹುಲ್ಲು, ಹುಲ್ಲಿಗೆ ಕಾಟಿ, ಕಡವೆ. ಕಾಲುದಾರಿ ಕಾಣುತ್ತದೆ, ಆನೆ ದೂರದಿಂದಲೇ ಕಾಣುತ್ತದೆ, ರಕ್ತ ಹೀರುವ ಉಣ್ಣೆ ಹುಳು ಕಡಿಮೆಯಾಗುತ್ತದೆ. 1974ರಲ್ಲಿ ಇದು ವನ್ಯಜೀವಿಧಾಮವಾಯಿತು. ಬೇಸಾಯಕ್ಕೆ ಕಾಡಿನಲ್ಲಿ ಜಾಗ ಬದಲಿಸುತ್ತಿದ್ದವರನ್ನು ಒಂದೆಡೆ ಪೋಡುಗಳಲ್ಲಿ ಕೂರಿಸಲಾಯಿತು. ವನ್ಯಜೀವಿಧಾಮದಲ್ಲಿ ಬೆಂಕಿ ಹಚ್ಚುವುದು 1972ರ ಕಾಯಿದೆಯ ಪ್ರಕಾರ ಅಪರಾಧ. ಅಲ್ಲಿಗೆ ತರಗು ಬೆಂಕಿ ನಿಂತಿತು. ತಾತ ಕೊನೆಯ ಸಲ ಹಚ್ಚಿದಾಗ ಅವರಿಗಿನ್ನೂ ಮದುವೆಯಾಗಿರಲಿಲ್ಲ.

ಪೋಡಿನ ಅಂಚಿನವರೆಗೆ ನಮ್ಮನ್ನು ಕರೆದುಕೊಂಡು ಹೋದರು. ಅದರಾಚೆ ಅನುಮತಿ ಇಲ್ಲದೆ ಹೋಗಬಾರದು, ಅವರೂ ಬಿಡಲಿಲ್ಲ. ಅಂಚಿನಲ್ಲೊಂದು ನೆಲ್ಲಿ ಮರ. ಸಣ್ಣ ಸಣ್ಣ ಎಲೆಯ ನಡುವೆ ಅಲ್ಲಲ್ಲಿ ಬೇರೆಯೇ ಅಗಲ ಎಲೆಯ ಗೊಂಚಲು. "ಅದು ಉಪ್ಪಿಲು ಕನವ್ವ. ಮರದ ಮ್ಯಾಲ ಕೂತ್ಕಂಡು ಮರದ ರಕ್ತ ಕುಡೀತದ. ಮೊದ್ಲು ತರಗು ಬೆಂಕಿ ಹೊಗ, ಕಾವು ತಾಕಿ ಉಪ್ಪಿಲು ಸಾಯ್ತಿತ್ತು. ಈಗ ನೆಲ್ಲಿ ಮರವೇ ಸಾಯ್ತದ." ಕಾಡಿನ ನೆಲ್ಲಿಕಾಯಿ, ಜೇನು, ಪಾಚಿ ಮಾರಿ ಬದುಕಿದವರಿಗೆ ನೆಲ್ಲಿ ಮರ ಸಾಯುವುದೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಈ ಬಂದಣಿಕೆ ಬಿಳಿಗಿರಿಯ ನೆಲ್ಲಿ ಮರಗಳಲ್ಲಿ ಹಬ್ಬುತ್ತಿರುವುದನ್ನು ಸಂಶೋಧಕರೂ ಗುರುತಿಸಿದ್ದಾರೆ.

ಭಾವ ಲಂಟಾನದ ಕಡೆ ಕೈ ತೋರಿದರು. "ತಾತ, ನೀವು ಹೇಳೋದು ನಿಮ್ಮ ಕಾಲದ ಕಾಡಿಗೆ ಸರಿ. ಇವತ್ತು ಇದರೊಳಗೆ ಸಂಕ್ರಾಂತಿ ದಿನವೇ ಕಡ್ಡಿ ಗೀರಿ ನೋಡಿ. ಮೊಣಕಾಲಿಗೆ ನಿಲ್ಲುತ್ತಾ?"

ಆ ಪ್ರಶ್ನೆ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಲಂಟಾನ ನಮ್ಮ ಗಿಡವೇ ಅಲ್ಲ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಅಂದದ ಹೂವೆಂದು ಕೋಲ್ಕತ್ತಾದ ಸಸ್ಯೋದ್ಯಾನಕ್ಕೆ ತಂದದ್ದು, ದೇಶಕ್ಕೆಲ್ಲ ಹರಡಿತು. ಬಿಳಿಗಿರಿಯಲ್ಲಿ 1997ರಲ್ಲಿ ಸಂಶೋಧಕರು ಗುರುತು ಮಾಡಿದ ಜಾಗಗಳ ಪೈಕಿ ಶೇ. 41ರಲ್ಲಿ ಲಂಟಾನ ಇತ್ತು. 2008ರಲ್ಲಿ ಅವೇ ಜಾಗಗಳನ್ನು ಮತ್ತೆ ನೋಡಿದಾಗ ಶೇ. 81ರಲ್ಲಿ ಇತ್ತು. ಬೆಂಕಿ ಅದಕ್ಕೆ ಶತ್ರುವೂ ಹೌದು, ಮಿತ್ರನೂ ಹೌದು. ಎಳೆ ಸಸಿಯನ್ನು ತರಗು ಬೆಂಕಿ ಕೊಲ್ಲುತ್ತದೆ. ಬೇರೂರಿದ ಪೊದೆ ಸುಟ್ಟರೆ ಬುಡದಿಂದ ಮತ್ತೆ ಚಿಗುರುತ್ತದೆ, ಸುಟ್ಟು ಬಯಲಾದ ಜಾಗವನ್ನೂ ಆಕ್ರಮಿಸುತ್ತದೆ. ಒಣಗಿದಾಗ ನೆಲದ ಬೆಂಕಿಗೆ ಏಣಿಯಾಗಿ ಅದನ್ನು ಮರದ ನೆತ್ತಿಗೆ ಹತ್ತಿಸುತ್ತದೆ.

ತಾತ ವಾದಕ್ಕೆ ನಿಲ್ಲಲಿಲ್ಲ. "ನಿಲ್ಲಲ್ಲ ಬುದ್ಧಿ. ಈಗ ಹಚ್ಚುದ್ರ ಪಾಪ ಬತ್ತದ. ಮೊದ್ಲು ಇದ ಬೇರ್ಸಮೇತ ಕೀಳ್ಬೇಕು. ಹುಲ್ಲು ಬರ್ಬೇಕು. ಆಮ್ಯಾಲ ಹಚ್ಬೇಕು. ಕೀಳಾಕ ನಾವೇ ಬತ್ತೀವಿ, ನಮ್ಮ ಕರೀರಿ."

ಭಾವ ಇಂಥ ಉತ್ತರ ನಿರೀಕ್ಷಿಸಿರಲಿಲ್ಲ. ನಾನೂ ನಿರೀಕ್ಷಿಸಿರಲಿಲ್ಲ. ಓದಿದ ಹುರುಪಿನಲ್ಲಿ 'ಬೆಂಕಿ ಹಚ್ಚಲು ಬಿಡಿ' ಎಂದು ವಾದಿಸಿದ್ದವಳು ನಾನು. ಹಚ್ಚಿದ ಕೈಯೇ ಈಗ ಬೇಡ ಎನ್ನುತ್ತಿತ್ತು.

ಮಧ್ಯಾಹ್ನ ಅಜ್ಜಿ ಬಿಡದೆ ಊಟಕ್ಕೆ ಕೂರಿಸಿದರು. ರಾಗಿಮುದ್ದೆ, ಹುರುಳಿಕಾಳಿನ ಉಪ್ಸಾರು, ಅಂಚಿಗೆ ಹಸಿಮೆಣಸಿನಕಾಯಿ ಖಾರ. ಅಕ್ಕ ಎರಡನೇ ಮುದ್ದೆ ಹಾಕಿಸಿಕೊಂಡಳು. ಸಂಜೆ ರೂಮಿಗೆ ಬಂದು ನೋಡಿದರೆ ಅವಳ ಕಾಲಿಗೆ ಏಳೆಂಟು ಉಣ್ಣೆ ಕಚ್ಚಿಕೊಂಡಿದ್ದವು. ಬೇಸಿಗೆಯಲ್ಲಿ ಈ ಕಡೆ ಬರುವವರು ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಂಡು ನಡೆಯಬೇಕು. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಬೇಕು.

ಮೂರನೇ ದಿನ: ಕೆ. ಗುಡಿ ದಾರಿ

ಕ್ಯಾತದೇವರ ಗುಡಿಯ ಮೇಲೆ ಚಾಮರಾಜನಗರಕ್ಕೆ ಇಳಿಯುವ ದಾರಿ ನನಗೆ ಇಡೀ ಪ್ರವಾಸದಲ್ಲೇ ಹೆಚ್ಚು ಹಿಡಿಸಿತು. ಕಿರಿದಾದ ರಸ್ತೆ. ಒಂದು ತಿರುವಿನಲ್ಲಿ ಹಸಿರು ಕಾನು, ಮುಂದಿನ ತಿರುವಿನಲ್ಲಿ ಹೊನ್ನಿನ ಬಣ್ಣದ ಹುಲ್ಲು. ರಸ್ತೆಗೆ ಅಡ್ಡ ನಿಂತಿದ್ದ ಎರಡು ಕಾಟಿಗಳಿಗಾಗಿ ಇಂಜಿನ್ ಆರಿಸಿ ಕಾದೆವು. ಅದಾಗಿ ಅರ್ಧ ಗಂಟೆಗೆ ಹಿಂದಿನ ಟೈರು ಪಂಕ್ಚರ್. ಇಳಿಯಬಾರದ ಜಾಗ. ಪುಣ್ಯಕ್ಕೆ ಇಲಾಖೆಯ ಬೆಂಕಿ ವಾಚರುಗಳ ಜೀಪು ಹಿಂದಿನಿಂದಲೇ ಬಂತು. ಅವರೇ ಕಾವಲು ನಿಂತು ಸ್ಟೆಪ್ನಿ ಹಾಕಿಕೊಟ್ಟರು. ಸ್ಟೆಪ್ನಿಯಲ್ಲಿ ಗಾಳಿ ಇದೆಯೇ ಎಂದು ಯಳಂದೂರಿನಲ್ಲೇ ನೋಡಿಸಿದ್ದು ಉಪಕಾರವಾಯಿತು.

ನಾಲ್ವರಲ್ಲಿ ಮೂವರು ಸೋಲಿಗ ಹುಡುಗರು. ಬೇಸಿಗೆಯ ಮೂರ್ನಾಲ್ಕು ತಿಂಗಳಿಗೆ ದಿನಗೂಲಿ ಮೇಲೆ ತೆಗೆದುಕೊಳ್ಳುತ್ತಾರೆ. ಬೆನ್ನಿಗೆ ಕಟ್ಟುವ, ತರಗು ಊದುವ ಯಂತ್ರ ಒಂದು. ಮಿಕ್ಕಂತೆ ಮಚ್ಚು ಮತ್ತು ಹಸಿ ಸೊಪ್ಪಿನ ಕೊಂಬೆ. ಬೆಂಕಿಯನ್ನು ಬಡಿದು ಆರಿಸುವುದು ಇವತ್ತಿಗೂ ಕೊಂಬೆಯಿಂದಲೇ. ಭಾವ ಹುಡುಗರ ಭುಜ ತಟ್ಟಿ ಕೇಳಿದರು, "ಬೂಟು ಕೊಟ್ಟಿದ್ದಾರಾ? ನೀರು ಎಷ್ಟು ಲೀಟರ್ ಒಯ್ತೀರಿ?" ಆ ಎರಡು ಪ್ರಶ್ನೆಯಲ್ಲಿ ಅವರ ಇಡೀ ನೌಕರಿ ಇತ್ತು.

ಒಬ್ಬ ಮೊಬೈಲ್ ತೆಗೆದು ತೋರಿಸಿದ. ಉಪಗ್ರಹ ಎಲ್ಲಾದರೂ ಕಾವು ಕಂಡರೆ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯಿಂದ ಆ ಜಾಗದ ಅಕ್ಷಾಂಶ, ರೇಖಾಂಶದೊಂದಿಗೆ ಸಂದೇಶ ಬರುತ್ತದೆ. "ಚುಕ್ಕಿ ಬಿದ್ರ ಮುಗೀತು ಸಾ, ಎಲ್ರಿಗೂ ಫೋನು. ಯಾಕ್ ಬಿತ್ತು, ಯಾರು ಹಚ್ಚುದ್ರು ಅಂತ ಬರ್ದು ಕೊಡ್ಬೇಕು." ನನಗೆ ಅಲ್ಲೇ ಒಂದು ವಿಷಯ ಅರ್ಥವಾಯಿತು. ಆ ಚುಕ್ಕಿಗೆ ತರಗು ಬೆಂಕಿಯೂ ಒಂದೇ, ಕಾಡು ನುಂಗುವ ಬೆಂಕಿಯೂ ಒಂದೇ. ಚುಕ್ಕಿ ಬೀಳದಿದ್ದರೆ ಒಳ್ಳೆಯ ವರ್ಷ, ಬಿದ್ದರೆ ಕೆಟ್ಟ ವರ್ಷ. ಈ ಲೆಕ್ಕದಲ್ಲಿ ಯಾವ ಅಧಿಕಾರಿ ತಾನೇ ಜನವರಿಯಲ್ಲಿ ಒಂದು ಗುಡ್ಡ ಸುಡಲು ಸಹಿ ಹಾಕಿಯಾನು? ಸುಡದೆ ಉಳಿದ ತರಗು, ಲಂಟಾನ ಮಾತ್ರ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. ಅದರ ಲೆಕ್ಕ ಯಾವ ಮೊಬೈಲಿಗೂ ಬರುವುದಿಲ್ಲ.

ದಾರಿಯುದ್ದಕ್ಕೂ ಭಾವ ಹಳೆಯ ಕಥೆ ಹೇಳಿದರು. ಬೆಂಕಿ ಎಂದರೆ ಕಾಡಿನ ವೈರಿ ಎಂಬ ಪಾಠ ಬ್ರಿಟಿಷರ ಕಾಲದ್ದು. ಮೈಸೂರು ಸಂಸ್ಥಾನದಲ್ಲಿ ಅರಣ್ಯ ಇಲಾಖೆ ಶುರುವಾದದ್ದು 1864ರಲ್ಲಿ. ಅದೇ ದಶಕದಲ್ಲಿ ಮಧ್ಯಪ್ರಾಂತ್ಯದ ಬೋರಿ ಕಾಡಿನಲ್ಲಿ ಬೆಂಕಿ ತಡೆಯುವ ಮೊದಲ ದೊಡ್ಡ ಪ್ರಯತ್ನ ನಡೆಯಿತು. ಆದರೆ ಬರ್ಮಾದ ತೇಗದ ಕಾಡಿನಲ್ಲಿ ಬೆಂಕಿ ತಡೆದಷ್ಟೂ ತೇಗದ ಸಸಿ ಏಳುವುದು ಕಡಿಮೆಯಾಗಿ, ಅಲ್ಲಿನ ಬ್ರಿಟಿಷ್ ಅರಣ್ಯಾಧಿಕಾರಿಗಳೇ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಪಟ್ಟು ಸಡಿಲಿಸಬೇಕಾಯಿತು. ಅಮೆರಿಕದವರು 1910ರ ಮಹಾ ಬೆಂಕಿಗೆ ಬೆಚ್ಚಿ, 1935ರಲ್ಲಿ ಯಾವ ಬೆಂಕಿಯಾದರೂ ಮರುದಿನ ಬೆಳಗ್ಗೆ 10 ಗಂಟೆಯೊಳಗೆ ಹತೋಟಿಗೆ ಬರಬೇಕೆಂಬ ನಿಯಮ ಮಾಡಿದರು. ಕಾಡಿನಲ್ಲಿ ಸೌದೆ ಗುಡ್ಡೆಯಾಗುತ್ತಿದೆ ಎಂದು ಮನಗಂಡು ಎಪ್ಪತ್ತರ ದಶಕದಲ್ಲಿ ಅದನ್ನು ಕೈಬಿಟ್ಟರು. "ಇದನ್ನೆಲ್ಲ ನಾನು ಟ್ರೇನಿಂಗಿನಲ್ಲೇ ಓದಿದ್ದೆ ಕಣಮ್ಮ" ಎಂದರು ಭಾವ. "ಪರೀಕ್ಷೆ ಬರೆದು ಮರೆತೆ. ಆಮೇಲೆ ಬರೀ ಆರಿಸಿದ್ದೇ."

ಚಾಮರಾಜನಗರದಲ್ಲಿ ರೂಮು ಸೆಕೆ. ಪಂಕ್ಚರ್ ಹಾಕಿಸಿ, ಮೊಸರನ್ನ ತಿಂದು ಮಲಗಿದೆವು.

ನಾಲ್ಕನೇ ದಿನ: ಗೋಪಾಲಸ್ವಾಮಿ ಬೆಟ್ಟ

ಗುಂಡ್ಲುಪೇಟೆ ದಾಟಿ ಹಂಗಳದ ಹತ್ತಿರ ಬಲಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಸ್ವಂತ ಗಾಡಿಯನ್ನು ಬುಡದಲ್ಲೇ ಬಿಟ್ಟು ಸಾರಿಗೆ ಬಸ್ಸಿನಲ್ಲಿ ಹೋಗಬೇಕು. ಬೆಳಗ್ಗೆ ಬೇಗ ಹೋದವರಿಗೆ ಸಾಲು ಕಡಿಮೆ, ಮೇಲೆ ಗಾಳಿಯೂ ತಂಪು. ಬಸ್ಸಿನ ಕಿಟಕಿಯಲ್ಲಿ ಬರೀ ಹುಲ್ಲಿನ ಇಳಿಜಾರು.

2019ರ ಫೆಬ್ರವರಿ ಕೊನೆಯ ವಾರ ಈ ಇಳಿಜಾರುಗಳು ಕರಿಯ ಕಂಬಳಿಯಾಗಿದ್ದವು. ಐದು ದಿನದ ಬೆಂಕಿಯಲ್ಲಿ ಬಂಡೀಪುರದ ಸುಮಾರು 4,420 ಹೆಕ್ಟೇರ್ ಸುಟ್ಟಿದ್ದು ಉಪಗ್ರಹ ಚಿತ್ರಗಳಲ್ಲಿ ಲೆಕ್ಕಕ್ಕೆ ಸಿಕ್ಕಿತು. ಕೊನೆಗೆ ವಾಯುಪಡೆಯ ಎಂಐ-17 ಹೆಲಿಕಾಪ್ಟರುಗಳು ದೊಡ್ಡ ಚೀಲದಲ್ಲಿ ನೀರು ಹೊತ್ತು ತಂದು ಸುರಿದವು. ಆಗ ಟಿವಿಯಲ್ಲಿ ನೋಡಿ ಅತ್ತವರಲ್ಲಿ ನಾನೂ ಒಬ್ಬಳು. ಅದಕ್ಕೂ ಎರಡು ವರ್ಷ ಮುಂಚೆ, 2017ರ ಫೆಬ್ರವರಿಯಲ್ಲಿ, ಇದೇ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಯುವ ಅರಣ್ಯ ರಕ್ಷಕರೊಬ್ಬರು ಹೊಗೆ, ಉರಿಯ ನಡುವೆ ಸಿಕ್ಕಿ ತೀರಿಕೊಂಡರು. ಭಾವ ದೇವಸ್ಥಾನದಲ್ಲಿ ಆ ಹುಡುಗನ ಹೆಸರಿನಲ್ಲಿ ಅರ್ಚನೆ ಮಾಡಿಸಿದರು. ಅವರಿಗೆ ಆತನ ಮುಖ ಪರಿಚಯವೂ ಇರಲಿಲ್ಲ.

ಹೂವಿನ ಅಂಗಡಿಯ ಹೆಂಗಸಿನ ಹತ್ತಿರ ಆ ವರ್ಷದ ಮಾತು ತೆಗೆದೆ. "ಬೂದಿ ನಮ್ಮ್ ಊರ್ಗಂಟ ಹಾರ್ಕಂಡ್ ಬಂದಿತ್ತು ಕನಕ್ಕ. ಒಣಗಾಕಿದ್ ಬಟ್ಟ ಎಲ್ಲ ಕರ್ರಗ" ಎಂದಳು. ಯಾರು ಹಚ್ಚಿದರು ಎಂದು ಕೇಳಿದ್ದಕ್ಕೆ, "ಹಚ್ಚೋರು ಎಲ್ಲಾ ಕಾಲದಲ್ಲೂ ಇರ್ತರ. ಉರಿಯಾಕ ಅಷ್ಟೊಂದು ಹೆಂಗ್ ಕೂಡಿತ್ತು, ಅದ ಕೇಳಿ" ಎಂದು ಹೂ ಕಟ್ಟುತ್ತಲೇ ಹೇಳಿದಳು.

ಇಳಿದು ಬಂದು ಬಂಡೀಪುರದ ಹೆದ್ದಾರಿಯಲ್ಲಿ ಸ್ವಲ್ಪ ದೂರ ಹೋದೆವು. ರಾತ್ರಿ 9ರಿಂದ ಬೆಳಗಿನ 6ರವರೆಗೆ ಇಲ್ಲಿ ಸಂಚಾರ ಬಂದ್, ನಮಗಿನ್ನೂ ಹೊತ್ತಿತ್ತು. ಭಾವ ವೇಗ ತಗ್ಗಿಸಿ, "ಆ ಕಡೆ ನೋಡು" ಎಂದರು. ರಸ್ತೆಯ ಪಕ್ಕದಿಂದ ಒಳಗೆ ಬೈತಲೆ ತೆಗೆದಂತೆ ನೇರ ಹೋದ ಬೆಂಕಿ ರೇಖೆ. ಬೇಸಿಗೆ ಬರುವ ಮುನ್ನ ಇಲಾಖೆಯವರೇ ಹುಲ್ಲು, ಪೊದೆ ಸವರಿ, ಒಣಗಲು ಬಿಟ್ಟು, ಹತೋಟಿಯಲ್ಲಿ ಸುಟ್ಟು ಮಾಡುವ ಪಟ್ಟಿ ಅದು. ಬೆಂಕಿ ಬಂದರೆ ಇದನ್ನು ದಾಟಬಾರದೆಂದು. ಎರಡೂ ಬದಿಯಲ್ಲಿ ಎದೆಯೆತ್ತರದ ಒಣ ಲಂಟಾನ. ನಡುವಿನ ಸುಟ್ಟ ಪಟ್ಟಿಯಲ್ಲಿ ಮಾತ್ರ ಬೆರಳುದ್ದದ ಹಸಿರು ಹುಲ್ಲು. ಅದರ ಮೇಲೆ ಒಂದು ಹಿಂಡು ಜಿಂಕೆ, ತಲೆ ತಗ್ಗಿಸಿ ಮೇಯುತ್ತಿತ್ತು.

"ಇದನ್ನ ಯಾವಾಗ ಸುಡ್ತೀರಿ ಭಾವ?"

"ಡಿಸೆಂಬರ್, ಜನವರಿ. ಇಬ್ಬನಿ ಇರೋವಾಗ." ಹೇಳಿ ಮುಗಿಸುವಷ್ಟರಲ್ಲಿ ಅವರಿಗೇ ತಾತನ ಮಾತು ನೆನಪಾಗಿರಬೇಕು, ಗೇರಿನ ಮೇಲಿಟ್ಟ ಕೈ ಹಾಗೇ ನಿಂತಿತು. "ಮೂವತ್ತು ವರ್ಷ ನಾನೇ ಮುಂದೆ ನಿಂತು ಸುಡಿಸಿದ್ದೀನಿ. ಅದನ್ನ ಬೆಂಕಿ ಅಂತ ಯಾವತ್ತೂ ಅಂದುಕೊಂಡಿರಲಿಲ್ಲ."

ಮೈಸೂರು ಮುಟ್ಟುವವರೆಗೂ ನಮ್ಮ ಮಾತು ಅದೇ ಆಯಿತು. ಆ ಪಟ್ಟಿ ಎಷ್ಟು ಅಗಲ ಇರಬೇಕು, ನೇರ ಗೆರೆಯೇ ಏಕೆ, ತಾತನ ಪೋಡಿನ ಸುತ್ತ ನಾಲ್ಕೈದು ಎಕರೆ ಲಂಟಾನವನ್ನು ಬುಡಸಮೇತ ಕಿತ್ತು, ಹುಲ್ಲು ಬಂದ ಮೇಲೆ ಸಂಕ್ರಾಂತಿಯಲ್ಲಿ ಒಂದು ತುಂಡು ಸುಟ್ಟು, ಪಕ್ಕದ ತುಂಡು ಹಾಗೇ ಬಿಟ್ಟು, ಐದು ವರ್ಷ ನೋಡಿದರೆ ಹೇಗೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕೋಲಿನಿಂದ ಕುರ್ಚಿ, ಮೇಜು ಮಾಡುತ್ತಾರೆ, ಕಿತ್ತ ಗಿಡ ವ್ಯರ್ಥವಾಗುವುದಿಲ್ಲ ಎಂದೆ ನಾನು. 2011ರ ಜನವರಿಯಲ್ಲಿ ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ಅಕ್ಟೋಬರಿನಲ್ಲಿ ಅಲ್ಲಿನ ಸೋಲಿಗರಿಗೆ ಅರಣ್ಯ ಹಕ್ಕು ಕಾಯಿದೆಯಡಿ ಸಮುದಾಯದ ಹಕ್ಕುಪತ್ರ ಸಿಕ್ಕಿತು. ಕಾಡನ್ನು ಕಾಯುವ ಅಧಿಕಾರ ಕಾಯಿದೆಯಲ್ಲೇ ಅವರ ಗ್ರಾಮಸಭೆಗಿರುವಾಗ, ಬೆಂಕಿಯ ಯೋಜನೆ ಬರೆಯುವ ಮೇಜಿನಲ್ಲಿ ಅವರಿಗೊಂದು ಕುರ್ಚಿ ಇರಲೇಬೇಕು, ಬರೀ ಕೊಂಬೆ ಹಿಡಿದು ಬಡಿಯಲು ಕರೆದರೆ ಸಾಲದು ಎಂದೆ. ಭಾವ ಎಲ್ಲದಕ್ಕೂ ಒಪ್ಪಲಿಲ್ಲ. ಗಾಳಿ ತಿರುಗಿದರೆ ಹೊಣೆ ಯಾರದು ಎಂದು ನಂಜನಗೂಡು ದಾಟುವವರೆಗೂ ಕೇಳುತ್ತಲೇ ಇದ್ದರು. ಕೇಳಬೇಕಾದ ಪ್ರಶ್ನೆಯೇ ಅದು.

ಮನೆಗೆ ಬಂದು ಚೀಲ ಬಿಚ್ಚುವಾಗ ಅಜ್ಜಿ ಕಟ್ಟಿಕೊಟ್ಟಿದ್ದ ನೆಲ್ಲಿಕಾಯಿ ಸಿಕ್ಕಿತು. ಅಕ್ಕ ಅರ್ಧ ಉಪ್ಪಿಗೆ ಹಾಕಿದಳು. ಭಾವ ಮೇಷ್ಟ್ರಿಗೆ ಫೋನು ಮಾಡಿ, ಮುಂದಿನ ಸಂಕ್ರಾಂತಿಗೆ ತಾತ ಊರಲ್ಲಿ ಇರುತ್ತಾರೋ ಕೇಳಿ ಹೇಳಿ ಎಂದರು.